ಎರಡನೇ ಜೊತೆ ಪೆಡಲು

ಆ ಬಡಾವಣೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಪೇಪರಿನವನಿಂದ ಹಿಡಿದು ಮನೆ ಕೆಳಗಿನ ಟೈರ್ ಅಂಗಡಿಯವನವರೆಗೆ ಎಲ್ಲರಿಗೂ ಅವಳು ಕ್ಲಚ್ಚಕ್ಕ. ಹದಿನಾಲ್ಕು ವರ್ಷದಿಂದ ಹೆಂಗಸರಿಗೆ ಕಾರು ಕಲಿಸುತ್ತಿದ್ದಳು. ಬೆಳಗ್ಗೆ ಆರೂವರೆಗೆ ಬಾಯಿ ತೆರೆದರೆ ಸಂಜೆ ಆರರವರೆಗೆ "ಕ್ಲಚ್ ನಿಧಾನ, ಕ್ಲಚ್ ನಿಧಾನ" ಎಂಬ ಒಂದೇ ಮಂತ್ರ. ಹೀಗೆ ಹಾಡಿದ್ದೇ ಹಾಡುವವಳಿಗೆ ಜನ ಬೇರೆ ಏನು ಹೆಸರಿಟ್ಟಾರು?

ಅವಳ ಕಾರಿಗೊಂದು ಕೀರ್ತಿಯಿತ್ತು. ಬೇರೆ ಸ್ಕೂಲುಗಳಲ್ಲಿ ಮೊದಲ ದಿನವೇ ಗಾಡಿ ಹತ್ತು ಸಲ ಆಫ್ ಆಗಿ, ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡು, ಅಳುತ್ತ ಮನೆಗೆ ಹೋಗಿ, ಎರಡನೇ ದಿನ ತಲೆಯೇ ಹಾಕದ ಹೆಂಗಸರು ಬೇಕಾದಷ್ಟು. ಕ್ಲಚ್ಚಕ್ಕನ ಕಾರಿನಲ್ಲಿ ಮೊದಲ ದಿನ ಗಾಡಿ ಆಫ್ ಆದದ್ದೇ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಡುತ್ತಿತ್ತು. "ನೋಡಿದ್ರಾ, ನಿಮ್ಮ ಕೈಲಿ ಆಗಲ್ಲ ಅಂದೋರು ಯಾರು?" ಎಂದು ಅವಳು ಹೇಳಿದಾಗ, ಗಂಡನ ಸ್ಕೂಟರಿನ ಹಿಂದೆ ಕೂತೇ ಅರ್ಧ ಆಯಸ್ಸು ಕಳೆದವರು ಕೂಡ ಮುಖ ಅರಳಿಸಿಕೊಂಡು ಇಳಿಯುತ್ತಿದ್ದರು.

ಗುಟ್ಟು ಅವಳ ಕಾಲಿನಲ್ಲಿತ್ತು. ಕಲಿಸುವ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಜೊತೆ ಪೆಡಲು ಇರುತ್ತದೆ, ಒಂದು ಕ್ಲಚ್ಚು, ಒಂದು ಬ್ರೇಕು. ಎದುರಿನಿಂದ ಲಾರಿಯೋ ಹಸುವೋ ಬಂದರೆ ಒತ್ತಲಿ ಎಂದು ಕೊಟ್ಟದ್ದು. ಕ್ಲಚ್ಚಕ್ಕ ಅದನ್ನು ಸದಾ ಒತ್ತುತ್ತಿದ್ದಳು. ಕಲಿಯುವವಳು ತನ್ನ ಕ್ಲಚ್ಚನ್ನು ದಡಕ್ಕನೆ ಬಿಟ್ಟರೂ ಇವಳ ಪಾದ ಈ ಕಡೆಯದನ್ನು ಹಿಡಿದು, ಅಳೆದು ಸುರಿದು ಬಿಡುತ್ತಿತ್ತು. ಹೊಸಬರಿಗೆ ಅದು ಗೊತ್ತಾಗುವುದಾದರೂ ಹೇಗೆ? ಅವರ ಕಣ್ಣೆಲ್ಲ ರಸ್ತೆಯ ಮೇಲೆ, ಜೀವವೆಲ್ಲ ಅಂಗೈಯಲ್ಲಿ. ಮೊದಲು ಧೈರ್ಯ ಬರಲಿ, ವಿದ್ಯೆ ಆಮೇಲೆ ತಾನೇ ಬರುತ್ತದೆ ಎನ್ನುವುದು ಅವಳ ಸಿದ್ಧಾಂತ. ದಿನ ಕಳೆದ ಹಾಗೆ ಕಾಲು ತೆಗೆಯಬೇಕು, ಅದೂ ಅವಳಿಗೆ ಗೊತ್ತಿತ್ತು. ಆದರೆ ಅಭ್ಯಾಸಬಲ ಎನ್ನುವುದೊಂದಿದೆಯಲ್ಲ.

ಟೈರ್ ಅಂಗಡಿಯ ಮೇಲಿನ ಒಂದೂವರೆ ರೂಮಿನ ಮನೆ. ಗಂಡ ಲಿಫ್ಟ್ ರಿಪೇರಿಯವನು, ಮನೆ ವಿಷಯದಲ್ಲಿ ಅವನ ಅಭಿಪ್ರಾಯಗಳೂ ಕೆಟ್ಟ ಲಿಫ್ಟಿನ ಹಾಗೆ ಎರಡು ಅಂತಸ್ತಿನ ಮಧ್ಯೆ ನಿಂತುಬಿಡುತ್ತಿದ್ದವು. ಇಬ್ಬರು ಹೆಣ್ಣುಮಕ್ಕಳು. ಚಿಕ್ಕವಳಿಗೆ ಏಳು, ನಿಂತಲ್ಲಿ ನಿಲ್ಲದವಳು, ಅದಕ್ಕೇ ಬುಗುರಿ. ದೊಡ್ಡವಳಿಗೆ ಹನ್ನೊಂದು. ಅವಳು ನಿಂತಲ್ಲೇ ನಿಲ್ಲುವವಳು. ನಾಲ್ಕು ಜನ ಸೇರಿದ ಕಡೆ ಗೋಡೆಗೆ ಒರಗಿ, ಗೋಡೆಯೇ ಆಗಿಬಿಡುವಳು. ಈ ಕಥೆ ಅವಳದ್ದು ಅನ್ನಿ, ಅವಳಮ್ಮನದ್ದು ಅನ್ನಿ, ಎರಡೂ ಸರಿ.

ಒಂದು ದಿನ ಸ್ಕೂಲಿನಿಂದ ಕರೆ ಬಂತು. ಕ್ಲಾಸ್ ಟೀಚರ್ ಒಂದು ಚೀಟಿಯನ್ನು ಮೇಜಿನ ಮೇಲೆ ಇಟ್ಟರು. ಮೂರು ವಾರಕ್ಕೆ ವಸ್ತುಪ್ರದರ್ಶನ, ಪ್ರತಿ ಮಗುವೂ ಮನೆಯಲ್ಲೇ ಒಂದು ಮಾದರಿ ಮಾಡಿ ತಂದು, ಅದರ ಪಕ್ಕ ನಿಂತು ಬಂದವರಿಗೆ ವಿವರಿಸಬೇಕು. ಏನು ಮಾಡುತ್ತೀರಿ ಎಂದು ಬರೆದುಕೊಡಿ ಎಂದರೆ ದೊಡ್ಡವಳು ದುಂಡಗೆ ಬರೆದಿದ್ದಳು: ನನಗೆ ಬರುವುದಿಲ್ಲ.

"ಏನು ಕೇಳಿದ್ರೂ ಇದೇ ಉತ್ತರ. ಬರೋದನ್ನೂ ಬರಲ್ಲ ಅಂತಾಳೆ," ಎಂದರು ಟೀಚರ್. "ಹೋದ ವರ್ಷ ಇದೇ ಮಗು ಐಸ್‌ಕ್ಯಾಂಡಿ ಕಡ್ಡಿಯಲ್ಲಿ ಸೇತುವೆ ಮಾಡಿ ಮೊದಲನೇ ಬಹುಮಾನ ತಗೊಂಡಿದೆ. ಈಗ ಯಾಕೆ ಹೀಗೆ? ಹೆಣ್ಣುಮಕ್ಕಳು ಈ ವಯಸ್ಸಲ್ಲಿ ಹಿಂದೆ ಸರಿಯೋದು ಕಲಿತ್ರೆ ಆಮೇಲೆ ಮುಂದೆ ತರೋದು ಕಷ್ಟ. ಅವಳು ನಿಲ್ಲಬೇಕು, ನೋಡಿ. ಬಹುಮಾನ ಬೇಡ, ಸುಮ್ನೆ ನಿಂತು ನಾಲ್ಕು ಮಾತಾಡಲಿ." ಹೊರಡುವಾಗ ಕೈಗೊಂದು ಪುಸ್ತಿಕೆ ತುರುಕಿದರು, 'ಮಗಳಲ್ಲಿ ಆತ್ಮವಿಶ್ವಾಸ: ತಾಯಂದಿರಿಗೆ ಕಿವಿಮಾತು'.

ಕ್ಲಚ್ಚಕ್ಕನ ಮೈಯೆಲ್ಲ ಉರಿಯಿತು. ಆತ್ಮವಿಶ್ವಾಸ! ಅದೇ ತನ್ನ ಕಸುಬು. ಸ್ಟೀರಿಂಗ್ ಮುಟ್ಟಿದರೆ ಕರೆಂಟ್ ಹೊಡೆದವರ ಹಾಗೆ ಕೈ ಎಳೆದುಕೊಳ್ಳುತ್ತಿದ್ದ ನಾನೂರು ಹೆಂಗಸರಿಗೆ ಅದನ್ನು ಹಂಚಿದ್ದಾಳೆ. ತನ್ನ ಮನೆಯಲ್ಲೇ ಹೀಗೆಂದರೆ? ದೀಪದ ಬುಡದಲ್ಲೇ ಕತ್ತಲೆ ಎಂದು ನಾಳೆ ಟೈರ್ ಅಂಗಡಿಯವನೂ ನಗುತ್ತಾನೆ. ಕೋಪಕ್ಕಿಂತ ಅವಮಾನ ಹೆಚ್ಚಾಯಿತು, ಅವಮಾನಕ್ಕಿಂತ ಭಯ.

ಮಾರನೆಯ ದಿನದಿಂದ ಪುಸ್ತಿಕೆಯಲ್ಲಿದ್ದದ್ದನ್ನೆಲ್ಲ ಚಾಚೂ ತಪ್ಪದೆ ಶುರು ಮಾಡಿದಳು. ಬೆಳಗ್ಗೆ ಹಲ್ಲುಜ್ಜಿದ ಮೇಲೆ ಕನ್ನಡಿ ಮುಂದೆ ನಿಂತು "ನಾನು ಜಾಣೆ, ನಾನು ಗಟ್ಟಿಗಿತ್ತಿ, ನನ್ನಿಂದ ಎಲ್ಲಾ ಆಗುತ್ತೆ" ಎಂದು ಹತ್ತು ಸಲ ಹೇಳಬೇಕು. ದೊಡ್ಡವಳು ಸಾಮಾನಿನ ಪಟ್ಟಿ ಓದುವ ದನಿಯಲ್ಲಿ ಹೇಳಿ ಮುಗಿಸಿದಳು. ಬುಗುರಿ ಮಾತ್ರ ಬಚ್ಚಲಿನಿಂದಲೇ "ನಾನು ಗಟ್ಟಿಗಿತ್ತೀ!" ಎಂದು ಕೆಳಗಿನ ಅಂಗಡಿಗೂ ಕೇಳುವ ಹಾಗೆ ಕಿರುಚಿದಳು. ಬೇಕಾದವಳಿಗೆ ಹತ್ತಲಿಲ್ಲ, ಬೇಡದವಳಿಗೆ ಹೆಚ್ಚಾಯಿತು.

ಪುಸ್ತಿಕೆಯ ಮೂರನೇ ಪುಟ, ಮೆಚ್ಚುಗೆ. ತಿಂಡಿಯ ಹೊತ್ತಿಗೆ ಕ್ಲಚ್ಚಕ್ಕ ಶುರು ಮಾಡಿದಳು, "ಮೊಟ್ಟೆ ಎಷ್ಟು ಹದವಾಗಿ ಬೇಯ್ಸಿದೀಯೇ!"

"ಬೇಯ್ಸಿದ್ದು ಅಪ್ಪ. ನಾನು ತಂದಿಟ್ಟೆ ಅಷ್ಟೆ."

ಸಂಜೆ ಮೇಜಿನ ಮೇಲೊಂದು ಹಾಳೆ ಕಂಡಿತು. "ಅಬ್ಬಾ, ಸೂಪರ್ ಚಿತ್ರ!"

"ಅದು ಗಣಿತದ ರಫ್ ಹಾಳೆ, ಅಮ್ಮ." ಹುಡುಗಿ ತಲೆ ಎತ್ತಿ ತಾಯಿಯನ್ನು ನೋಡಿದಳು. "ನೀನು ಎಲ್ಲದಕ್ಕೂ ಸೂಪರ್ ಅಂತೀಯ. ನಿಜವಾಗ್ಲೂ ಯಾವುದು ಚೆನ್ನಾಗಿದೆ ಅಂತ ನಂಗೆ ಗೊತ್ತಾಗಲ್ಲ."

ಇಷ್ಟೆಲ್ಲ ಹೊಗಳುತ್ತಲೇ ಕ್ಲಚ್ಚಕ್ಕನ ಕೈ ಸುಮ್ಮನಿರುತ್ತಿರಲಿಲ್ಲ. ಮಗಳು ಕಟ್ಟಿದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟುತ್ತಿತ್ತು. ಮಗಳು ಮಡಚಿಟ್ಟ ಹೊದಿಕೆಯನ್ನು ಕೊಡವಿ ಇನ್ನೊಂದು ಸಲ ಮಡಚುತ್ತಿತ್ತು. ಪಕ್ಕದ ಮನೆಯಾಕೆ "ಯಾವ ಕ್ಲಾಸಮ್ಮ ಈಗ?" ಎಂದು ಹುಡುಗಿಯನ್ನೇ ಕೇಳಿದರೂ "ಆರನೇದು" ಎಂಬ ಉತ್ತರ ತಾಯಿಯ ಬಾಯಿಂದ ಬಂದಾಗಿರುತ್ತಿತ್ತು. ನೋಡುವವರಿಗೆ ಇದು ಕಾಣುತ್ತಿತ್ತು. ಅವಳಿಗೆ ಕಾಣುತ್ತಿರಲಿಲ್ಲ, ತನ್ನ ಬೆನ್ನು ಯಾರಿಗೆ ತಾನೇ ಕಾಣುತ್ತದೆ?

ಎರಡು ವಾರ ಹೋಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ಅವಳಿಗೆ ಅನ್ನಿಸಿತು. ಒಂದು ಭಾನುವಾರ ತಾಳ್ಮೆ ಕಿತ್ತುಹೋಗಿ ಕೂಗಿಯೇಬಿಟ್ಟಳು.

"ಯಾರ್‍ಯಾರಿಗೋ ಧೈರ್ಯ ತುಂಬ್ತೀನಿ ಕಣೇ ನಾನು! ನನ್ನ ಹೊಟ್ಟೇಲಿ ಹುಟ್ಟಿದ ನಿಂಗೆ ನಾಲ್ಕು ಕಡ್ಡಿ ಅಂಟಿಸಿ ಪಕ್ಕದಲ್ಲಿ ನಿಂತ್ಕೊಳ್ಳಕ್ಕೆ ಬರಲ್ವಾ? ಹೋದ ವರ್ಷ ಬಂತಲ್ಲ!"

"ಹೋದ ವರ್ಷಾನೂ ಬರಲಿಲ್ಲ," ಎಂದಳು ಹುಡುಗಿ. ಅಷ್ಟೇ.

"ಬಿಡೇ, ತಾನಾಗೇ ಸರಿಹೋಗುತ್ತೆ," ಎಂದು ಗಂಡ ಪೇಪರಿನ ಹಿಂದಿನಿಂದ ಶುರು ಮಾಡಿ, ಹೆಂಡತಿಯ ಮುಖ ನೋಡಿ, ಅಲ್ಲಿಗೇ ನಿಲ್ಲಿಸಿದ. ಕ್ಲಚ್ಚಕ್ಕ ಕೆಳಗೆ ಹೋಗಿ ಕಾರಿನ ಗಾಜನ್ನು ಉಜ್ಜಿದಳು. ಅದು ಆಗಲೇ ಸ್ವಚ್ಛವಾಗಿತ್ತು. ಹಾಗಿದ್ದರೂ ಉಜ್ಜಿದಳು, ಕಣ್ಣಲ್ಲಿ ನೀರು ಬರುವವರೆಗೂ.

ಆ ದಿನಗಳಲ್ಲಿ ಅವಳಿಗೆ ಇನ್ನೊಂದು ತಲೆನೋವಿತ್ತು, ಸಿಸ್ಟರ್. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವರು. ಸಾಯುವವರ, ಹುಟ್ಟುವವರ ಕೈ ಹಿಡಿದ ಗಟ್ಟಿ ಹೆಂಗಸು. ಕ್ಲಚ್ಚಕ್ಕನ ಪಕ್ಕದಲ್ಲಿ ಕೂತರೆ ರಾಣಿಯ ಹಾಗೆ ಓಡಿಸುತ್ತಿದ್ದರು. ಲೈಸೆನ್ಸ್ ಟೆಸ್ಟಿಗೆ ಹೋದರೆ ಮಾತ್ರ ನೀರಿನ ಟ್ಯಾಂಕಿನ ದಿಬ್ಬದಲ್ಲಿ ಗಾಡಿ ಆಫ್. ಎರಡು ಸಲ ಫೇಲು. ಇನ್‌ಸ್ಪೆಕ್ಟರ್ ಪಕ್ಕದ ಸೀಟಿನಲ್ಲಿ ಕಾಲು ಹಿಂದಕ್ಕೆ ಮಡಚಿ ಕೂರುತ್ತಾನೆ, ಅವನದೇನು ಗಂಟು ಹೋಗುತ್ತದೆ?

"ವಯಸ್ಸಾಯ್ತಮ್ಮ. ತಲೆಗೆ ಹತ್ತಲ್ಲ ನಂಗೆ," ಎನ್ನುತ್ತಿದ್ದರು ಸಿಸ್ಟರ್. "ಅಯ್ಯೋ, ಎಷ್ಟು ಚೆನ್ನಾಗಿ ಓಡಿಸ್ತೀರ! ಟೆಸ್ಟ್ ಅಂದ್ರೆ ಭಯ ಅಷ್ಟೆ," ಎನ್ನುತ್ತಿದ್ದಳು ಕ್ಲಚ್ಚಕ್ಕ.

ಪ್ರದರ್ಶನಕ್ಕೆ ನಾಲ್ಕು ದಿನ ಉಳಿದಿತ್ತು. ಆ ಸೋಮವಾರ ಸಿಸ್ಟರಿನ ಪಾಠ ಸ್ಕೂಲು ಬಿಡುವ ಹೊತ್ತಿಗೇ ಬಿದ್ದದ್ದರಿಂದ ಮಕ್ಕಳಿಬ್ಬರೂ ಹಿಂದಿನ ಸೀಟಿನಲ್ಲಿದ್ದರು. ಬುಗುರಿ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ದೊಡ್ಡವಳು ಎಂದಿನ ಹಾಗೆ ನಡುವೆ, ಎರಡು ಸೀಟುಗಳ ಸಂದಿನಿಂದ ಮುಂದೆ ನೋಡುತ್ತ. ನೀರಿನ ಟ್ಯಾಂಕಿನ ದಿಬ್ಬದ ಅರ್ಧದಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕು. ಸಿಸ್ಟರ್ ಹೊರಟರು, ಗಾಡಿ ನುಣ್ಣಗೆ ಏರಿತು. ಇಳಿದು ಬಂದು ಇನ್ನೊಂದು ಸಲ. ಮತ್ತೂ ನುಣ್ಣಗೆ.

"ನೋಡಿ ಸಿಸ್ಟರ್, ನಿಮ್ಮ ಕೈಲಿ ಆಗಲ್ಲ ಅಂದೋರು ಯಾರು?"

ಆಗ ಹಿಂದಿನಿಂದ ಮಾತು ಬಂತು. ಮೆಲ್ಲಗೆ, ಆದರೆ ಸ್ಪಷ್ಟವಾಗಿ. "ಅಮ್ಮಾ, ನಿನ್ನ ಕಾಲು ತೆಗಿ."

ಸಿಸ್ಟರ್ ಬಗ್ಗಿ ನೋಡಿದರು. ಕ್ಲಚ್ಚಕ್ಕನ ಪಾದ ಇನ್ನೂ ಪೆಡಲಿನ ಮೇಲೆಯೇ ಇತ್ತು, ಹಾಲಿನ ಪಾತ್ರೆಯಲ್ಲಿ ಮುಖವಿಟ್ಟ ಬೆಕ್ಕಿನ ಹಾಗೆ.

"ಇದೇನಮ್ಮ ಇದು? ಇಷ್ಟು ದಿನ ಓಡಿಸ್ತಿದ್ದಿದ್ದು ನಾನಲ್ವಾ?"

"ಹಾಗಲ್ಲ ಸಿಸ್ಟರ್, ಧೈರ್ಯ ಬರ್ಲಿ ಅಂತ..."

"ಧೈರ್ಯ!" ಎಂದರು ಸಿಸ್ಟರ್. "ಎರಡು ಸಲ ಆ ಇನ್‌ಸ್ಪೆಕ್ಟರ್ ಮುಂದೆ ತಲೆ ತಗ್ಗಿಸಿ ಇಳಿದಿದೀನಿ. ಮನೆಗೆ ಹೋಗಿ, ನಾನೇ ದಡ್ಡಿ, ನಂಗೇ ಬರಲ್ಲ ಅಂತ ಕೂತಿದೀನಿ. ನೀನು ದಿನಾ ಚೆನ್ನಾಗಿದೆ ಅಂದೆ, ನಾನು ನಂಬಿದೆ. ನಂಬಿದ್ದಕ್ಕೆ ನನ್ನ ಮೇಲೇ ನಂಗೆ ನಂಬಿಕೆ ಹೋಯ್ತಲ್ಲಮ್ಮ!"

ಉತ್ತರವಿಲ್ಲದ ಸಿಟ್ಟು ಹತ್ತಿರದವರ ಮೇಲೆ ತಿರುಗುತ್ತದೆ. ಕ್ಲಚ್ಚಕ್ಕ ಹಿಂದಕ್ಕೆ ತಿರುಗಿ ಮಗಳ ಮೇಲೆ ಎಗರಿದಳು. "ನಿನ್ನನ್ನ ಯಾರೇ ಕೇಳಿದ್ದು? ಎಲ್ಲಿ ಬಾಯಿ ಬಿಡಬೇಕೋ ಅಲ್ಲಿ ಬಿಡಲ್ಲ, ಇಲ್ಲಿ ನನ್ನ ಮಾನ ಕಳೆಯಕ್ಕೆ ಬರುತ್ತಾ ಮಾತು?"

ಹುಡುಗಿಯ ಕಣ್ಣು ತುಂಬಿತು. ಆದರೆ ಅವಳು ಗೋಡೆಯಾಗಲಿಲ್ಲ, ಆ ದಿನ.

"ನನ್ನ ಸೇತುವೆಗೂ ಹೀಗೇ ಮಾಡಿದೆ ನೀನು. ನಾನು ಸ್ನಾನಕ್ಕೆ ಹೋದಾಗ ಎರಡು ಕಂಬ ಕಿತ್ತು, ನೆಟ್ಟಗೆ ಅಂಟಿಸಿಟ್ಟೆ. ಬಂದೋರೆಲ್ಲ ಕಂಬ ಹೇಗೆ ನಿಲ್ಸಿದೆ ಅಂತ ನನ್ನ ಕೇಳಿದ್ರು. ನಂಗೆ ಗೊತ್ತಿರಲಿಲ್ಲ. ನಾನು ಮಾಡಿದ್ದು ವಾಲಿತ್ತು. ಬಹುಮಾನ ಬಂದಿದ್ದು ನಿನಗೆ."

ಕ್ಲಚ್ಚಕ್ಕನಿಗೆ ಆ ಬೆಳಗ್ಗೆ ಚೆನ್ನಾಗಿ ನೆನಪಿತ್ತು. ಸೇತುವೆ ಒಂದು ಕಡೆಗೆ ವಾಲಿತ್ತು, ಹೊರಡಲು ಹತ್ತು ನಿಮಿಷವಿತ್ತು, ಬಚ್ಚಲಿನಲ್ಲಿ ನೀರು ಬೀಳುವ ಸದ್ದು ಕೇಳುತ್ತಿತ್ತು. ಪಾಪ, ಮಗು ನಾಲ್ಕು ಜನರ ಮುಂದೆ ನಗೆಪಾಟಲಾಗಬಾರದು ಎಂದು ಕೈ ಹಾಕಿದ್ದಳು, ಪ್ರೀತಿಯಿಂದಲೇ. ಬಹುಮಾನವಾಗಿ ಬಂದ ಬಣ್ಣದ ಪೆಟ್ಟಿಗೆಯನ್ನು ಮಗಳು ಇವತ್ತಿನವರೆಗೂ ತೆರೆದಿರಲಿಲ್ಲ. ಎಷ್ಟು ಜೋಪಾನ ಮಾಡುತ್ತಾಳೆ ಎಂದು ಇವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈಗ ಮುಖದ ಮೇಲೆ ಯಾರೋ ತಣ್ಣೀರು ಎರಚಿದ ಹಾಗಾಯಿತು. ತಪ್ಪಾಯಿತು ಎನ್ನಬೇಕೆನ್ನಿಸಿತು. ಅದರ ಬದಲು ತನ್ನ ಮೇಲೆ, ಆ ಪುಸ್ತಿಕೆಯ ಮೇಲೆ, ದಿಬ್ಬದ ಮೇಲೆ, ಎಲ್ಲದರ ಮೇಲೂ ಕೋಪ ಬಂತು.

ಸಿಸ್ಟರ್ ಕರ್ಚೀಫಿನಿಂದ ಮುಖ ಒರೆಸಿಕೊಂಡರು. "ಸರಿ. ಎರಡೂ ಕಾಲು ಸೀಟಿನ ಮೇಲಿಡು," ಎಂದರು, ವಾರ್ಡಿನಲ್ಲಿ ಹೇಳುವ ಗತ್ತಿನಲ್ಲಿ.

"ಸಿಸ್ಟರ್, ದಿಬ್ಬ ಇದು..."

"ಕಾಲು ಮೇಲೆ. ಬೇಕಾದ್ರೆ ಹ್ಯಾಂಡ್‌ಬ್ರೇಕ್ ಎಳಿ. ಬೇರೇನೂ ಮುಟ್ಟಬೇಡ."

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕ್ಲಚ್ಚಕ್ಕ ತನ್ನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಳು. ಸಿಸ್ಟರ್ ಕ್ಲಚ್ ಬಿಟ್ಟರು. ಗಾಡಿ ಮುಗ್ಗರಿಸಿ ಆಫ್ ಆಯಿತು. ಮತ್ತೆ ಆಫ್. ಮೂರನೇ ಸಲ ಹಿಂದಕ್ಕೆ ಜಾರಿತು, ಕ್ಲಚ್ಚಕ್ಕ ಹ್ಯಾಂಡ್‌ಬ್ರೇಕ್ ಎಳೆದಳು, ಬುಗುರಿ ಖುಷಿಯಿಂದ ಕಿರುಚಿದಳು. ಹಿಂದೆ ಒಂದು ಬಸ್ಸು, ಎರಡು ಆಟೋ, ಹಾರ್ನುಗಳ ಮೇಲೆ ಹಾರ್ನು. ನಾಲ್ಕು. ಐದು. ಕ್ಲಚ್ಚಕ್ಕನ ಕಾಲಿನ ಬೆರಳುಗಳು ಗಾಳಿಯನ್ನೇ ಒತ್ತುತ್ತಿದ್ದವು. ಒಂದೇ ಒಂದು ಸಲ ಒತ್ತಿದರೆ ಮುಗಿಯಿತು, ದಿಬ್ಬ ಏರಿ ಮನೆಗೆ ಹೋಗಬಹುದು. ಸುಮ್ಮನೆ ನೋಡುತ್ತ ಕೂರುವುದು ಇಷ್ಟು ಹಿಂಸೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಸಿಸ್ಟರ್ ಅಜ್ಜಿ," ಎಂದಿತು ಹಿಂದಿನ ದನಿ, "ಅಮ್ಮ ಕಾಲು ಬಿಡ್ತಾ ಬಿಡ್ತಾ ಗಾಡಿ ಸ್ವಲ್ಪ ನಡುಗುತ್ತೆ. ಮುಂದೆ ಬಾನೆಟ್ಟೂ ಸ್ವಲ್ಪ ಏಳುತ್ತೆ. ಆಗ ಅಮ್ಮ ಹಾಗೇ ಹಿಡ್ಕೊತಾಳೆ. ಒಂದು, ಎರಡು ಅನ್ನೋವಷ್ಟು. ಆಮೇಲೆ ಬಿಡ್ತಾಳೆ."

ಸಿಸ್ಟರ್ ಕನ್ನಡಿಯಲ್ಲಿ ಅವಳನ್ನು ನೋಡಿದರು. ನಡುಕ ಬಂತು. ಹಿಡಿದರು. ಹಿಂದಿನ ಸೀಟಿನಲ್ಲಿ "ಒಂದು, ಎರಡು" ಎಂದಳು ಹುಡುಗಿ. ಗಾಡಿ ಒಂದು ಸಲ ಮುಗ್ಗರಿಸಿ, ಗೊಣಗಿ, ದಿಬ್ಬ ಏರಿತು. ನುಣ್ಣಗೇನೂ ಅಲ್ಲ. ಕ್ಲಚ್ಚಕ್ಕನ ಹಲ್ಲೆಲ್ಲ ಅಲ್ಲಾಡಿತು. ಆದರೆ ಓಡಿಸಿದವರು ಸಿಸ್ಟರೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅವತ್ತು ಮನೆಗೆ ಬಂದ ಮೇಲೆ ದೊಡ್ಡವಳು ಅಂಟು, ಕತ್ತರಿ, ಐಸ್‌ಕ್ಯಾಂಡಿ ಕಡ್ಡಿಗಳ ಡಬ್ಬ ತೆಗೆದು ನೆಲದ ಮೇಲೆ ಹರಡಿದಳು. ಒಂದೇ ಷರತ್ತು ಹಾಕಿದಳು. "ನೀನು ಮುಟ್ಟಬಾರದು."

"ಮುಟ್ಟಲ್ಲ," ಎಂದಳು ಕ್ಲಚ್ಚಕ್ಕ. ಹೇಳಿದಷ್ಟು ಸುಲಭವಾಗಿರಲಿಲ್ಲ. ಎರಡನೇ ದಿನವೇ ಕಂಬ ವಾಲುವುದು ಅವಳಿಗೆ ಕಂಡಿತು. ಮೂರನೇ ದಿನ ಇನ್ನೂ ವಾಲಿತು. ಅಂಟು ಒಣಗುವ ಮೊದಲು ಒಂದು ಬೆರಳಿಟ್ಟು ತಳ್ಳಿದರೆ ಸಾಕು, ಒಂದೇ ಬೆರಳು! ಅವಳು ಅಡುಗೆಮನೆಗೆ ಹೋಗಿ, ಯಾರಿಗೂ ಬೇಡದ ಒಂದು ರಾಶಿ ಆಲೂಗಡ್ಡೆ ಸಿಪ್ಪೆ ತೆಗೆದು, ಸಿಪ್ಪೆಯ ಮೇಲೆ ಕೋಪ ತೀರಿಸಿಕೊಂಡಳು. "ಇಷ್ಟು ಆಲೂಗಡ್ಡೆ ಯಾರಿಗೇ?" ಎಂದ ಗಂಡ.

ಶುಕ್ರವಾರ ಸ್ಕೂಲಿನ ಹಾಲಿನಲ್ಲಿ ಮೇಜಿನ ಸಾಲು. ಒಂದು ಮೇಜಿನ ಮೇಲೆ ಬಣ್ಣದ ದೀಪ ಮಿನುಗುವ ಕಾರ್ಖಾನೆ, ಯಾರೋ ಇಂಜಿನಿಯರ್ ಅಪ್ಪನ ಕೈಚಳಕ ಎಂದು ಕುರುಡರಿಗೂ ತಿಳಿಯುತ್ತಿತ್ತು. ಅದರ ಮಗ್ಗುಲಲ್ಲಿ ದೊಡ್ಡವಳ ಸೇತುವೆ, ಒಂದು ಕಡೆ ಸೊಂಟ ಬಾಗಿಸಿಕೊಂಡು. ಹುಡುಗಿಯ ಮುಖ ಬಿಳಿಚಿತ್ತು, ತುಟಿ ಒಣಗಿತ್ತು. ಆದರೆ ಗೋಡೆ ಎರಡು ಮಾರು ಹಿಂದಿತ್ತು, ಅವಳು ಮೇಜಿನ ಪಕ್ಕದಲ್ಲಿದ್ದಳು.

ತೀರ್ಪುಗಾರರು ಬರುವ ಹೊತ್ತಿಗೆ ಕ್ಲಚ್ಚಕ್ಕನ ಕೈ, ಅವಳಿಗೇ ತಿಳಿಯದ ಹಾಗೆ, ಸೇತುವೆಯ ಕಡೆ ಚಾಚಿತು.

"ಅಮ್ಮ, ಕೈ."

ಅವಳು ಕೈ ಹಿಂದಕ್ಕೆಳೆದು ಬೆನ್ನಿಗೆ ಕಟ್ಟಿಕೊಂಡಳು.

ದಪ್ಪ ಕನ್ನಡಕದ ತೀರ್ಪುಗಾರ ಬಗ್ಗಿ ನೋಡಿ ಕೇಳಿದ, "ಇದ್ಯಾಕಮ್ಮ ವಾಲಿದೆ?" ಕ್ಲಚ್ಚಕ್ಕನ ಬಾಯಲ್ಲಿ ಮೂರು ಉತ್ತರ ಸಿದ್ಧವಾಗಿದ್ದವು. ಮೂರನ್ನೂ ನುಂಗಿದಳು. ಹುಡುಗಿ ಸುಮ್ಮನಿದ್ದಳು, ಇನ್ನೂ ಸುಮ್ಮನಿದ್ದಳು. ಇವತ್ತೂ ಆಫ್ ಆಯಿತು ಎಂದುಕೊಂಡಳು ತಾಯಿ.

"ಈ ಕಂಬಕ್ಕೆ ಅಂಟು ಜಾಸ್ತಿ ಹಾಕ್ಬಿಟ್ಟೆ," ಎಂದಳು ಹುಡುಗಿ ಕೊನೆಗೆ. "ಒಣಗೋ ಮೊದ್ಲೇ ಮೇಲಿನ ಕಡ್ಡಿ ಇಟ್ಟೆ. ಅದಕ್ಕೇ ವಾಲಿತು. ಆಮೇಲೆ ಈ ಕಡೆ ಒಂದು ಅಡ್ಡಕಡ್ಡಿ ಕೊಟ್ಟೆ. ಈಗ ನಾಲ್ಕು ಪುಸ್ತಕ ಇಟ್ರೂ ಬೀಳಲ್ಲ." ಪುಸ್ತಕ ಇಟ್ಟು ತೋರಿಸಿದಳು. ಸೇತುವೆ ಕಿರಕ್ ಎಂದಿತು, ಬೀಳಲಿಲ್ಲ.

ಬಹುಮಾನ ಮಿನುಗುವ ಕಾರ್ಖಾನೆಗೆ ಹೋಯಿತು. ಸೇತುವೆಗೆ ಸಮಾಧಾನಕರ ಬಹುಮಾನವೂ ಇಲ್ಲ. ಕಾರಿನವರೆಗೆ ನಡೆಯುವಾಗ ಕ್ಲಚ್ಚಕ್ಕ ಆ ತೀರ್ಪುಗಾರನ ಕನ್ನಡಕ, ಆ ಇಂಜಿನಿಯರ್ ಅಪ್ಪ, ಇಡೀ ವ್ಯವಸ್ಥೆ, ಎಲ್ಲವನ್ನೂ ಮನಸ್ಸಿನಲ್ಲೇ ಬೈದು ಹಾಕಿದಳು. ಬುಗುರಿ ಹಿಂದೆ ಕೂತಳು. ದೊಡ್ಡವಳು ಸೇತುವೆಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ, ಆ ಎರಡನೇ ಜೊತೆ ಪೆಡಲುಗಳ ಮುಂದೆ, ಕಾಲು ಮಡಚಿ ಕೂತಳು.

"ಅಮ್ಮ, ನಿಜ ಹೇಳು. ಹೇಗಿತ್ತು?"

'ಸೂಪರ್' ನಾಲಗೆಯ ತುದಿಗೆ ಬಂದಿತ್ತು. ಕ್ಲಚ್ಚಕ್ಕ ಕೀಲಿಯಿಂದ ಕೈ ತೆಗೆದು ಮಗಳ ಕಡೆ ತಿರುಗಿದಳು.

"ವಾಲಿತ್ತು," ಎಂದಳು. "ಮಾತು ಶುರು ಮಾಡಕ್ಕೆ ತುಂಬಾ ಹೊತ್ತು ತಗೊಂಡೆ, ನನ್ನ ಜೀವ ಬಾಯಿಗೆ ಬಂದಿತ್ತು. ಆದ್ರೆ ಆ ಅಡ್ಡಕಡ್ಡಿ ಇದೆಯಲ್ಲ, ಅದು ನಂಗೆ ಹೊಳೀತಿರಲಿಲ್ಲ ಕಣೇ."

ಹುಡುಗಿ ತಾಯಿಯ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅಡ್ಡಕಡ್ಡಿಯನ್ನು ಬೆರಳಿನಿಂದ ಒಮ್ಮೆ ಸವರಿದಳು. ಈ ಸಲ ಅವಳು ನಂಬಿದಳು.

"ಮನೇಲಿ ಆ ಬಣ್ಣದ ಪೆಟ್ಟಿಗೆ ಇದೆಯಲ್ಲ, ಬಹುಮಾನದ್ದು," ಎಂದಳು. "ಅದನ್ನ ನೀನೇ ಇಟ್ಕೋ. ಅದು ನಿಂದು."